ಮುನ್ನೂರು ಗ್ರಾಂ ಸುಣ್ಣ

ಪ್ರತಿ ವರ್ಷ ಫೆಬ್ರವರಿ ಬಂತೆಂದರೆ ಮೊದಲ ಪಿಯುಸಿ ಮಕ್ಕಳಿಗೆ ರಸಾಯನಶಾಸ್ತ್ರದ ಮೊದಲನೇ ಪಾಠವನ್ನು ಇನ್ನೊಂದು ಸಲ ಹೇಳಿಕೊಡುವುದು ನನ್ನ ಕೆಲಸ. ಜೂನ್ ತಿಂಗಳಲ್ಲಿ ಕಲಿತದ್ದನ್ನು ಅವರು ದಸರೆಯ ಹೊತ್ತಿಗೇ ಮರೆತಿರುತ್ತಾರೆ. ಮೋಲ್ ಅಂದರೇನು, ಪರಮಾಣು ತೂಕಗಳನ್ನು ಕೂಡಿ ಅಣುತೂಕ ತೆಗೆಯುವುದು ಹೇಗೆ, ಸಮೀಕರಣ ಸರಿದೂಗಿಸುವುದು ಹೇಗೆ, ಇದು ಇಷ್ಟು ಗ್ರಾಂ ಇದ್ದರೆ ಅದು ಎಷ್ಟು ಗ್ರಾಂ ಬೇಕು. ಮಧುಗಿರಿಯ ಕಾಲೇಜೊಂದರಲ್ಲಿ ಹತ್ತೊಂಬತ್ತು ವರ್ಷದಿಂದ ಇದನ್ನೇ ಹೇಳುತ್ತಾ ಬಂದಿದ್ದೇನೆ. ಪುಸ್ತಕ ಮುಟ್ಟದೆ ಹೇಳಬಲ್ಲೆ. ಹೇಳುವಾಗ ಮಕ್ಕಳನ್ನು ಬೈಯುವುದೂ ಅಭ್ಯಾಸವಾಗಿಬಿಟ್ಟಿದೆ.

ಆ ಪಾಠದಲ್ಲಿ ಒಂದು ಸಣ್ಣ ಭಾಗವಿದೆ, ಶುದ್ಧತೆಯ ಲೆಕ್ಕ. ನಮ್ಮ ಕೈಲಿರುವ ಸಾಮಾನು ಪೂರ್ತಿ ಶುದ್ಧವಾಗಿಲ್ಲ, ಬೇಕಾದ ವಸ್ತು ಅದರಲ್ಲಿ ನೂರಕ್ಕೆ ಎಂಬತ್ತೋ ಅರವತ್ತೋ ಪಾಲು ಮಾತ್ರ ಇದೆ; ಹಾಗಾದರೆ ಎಷ್ಟು ತೂಗಬೇಕು? ಒಂದು ಸಲ ಭಾಗಿಸಿದರೆ ಮುಗಿಯುವ ಲೆಕ್ಕ. ಹದಿನೇಳು ವರ್ಷ ನಾನು ಅಲ್ಲಿಗೆ ಬಂದಾಗಲೆಲ್ಲ "ಇದು ಪರೀಕ್ಷೆಗೆ ಬರಲ್ಲ, ಬಿಡಿ" ಎಂದು ಹಾಳೆ ತಿರುಗಿಸಿದ್ದೇನೆ. ಎರಡು ವರ್ಷದಿಂದ ಹಾಗೆ ಮಾಡುತ್ತಿಲ್ಲ. ಯಾಕೆ ಎನ್ನುವುದನ್ನು ಬರೆಯಲು ನಾಚಿಕೆಯಾಗುತ್ತದೆ. ಆದರೂ ಬರೆಯುತ್ತೇನೆ.

ನನ್ನ ಅಕ್ಕನ ಮನೆ ಬರಗೂರಿನ ಹತ್ತಿರ. ಭಾವನಿಗೆ ಅಲ್ಲಿ ಸ್ವಲ್ಪ ಜಮೀನಿದೆ. ಮಳೆ ನಂಬಿದ ಹೊಲದಲ್ಲಿ ಕಡ್ಲೆಕಾಯಿ, ಕೊಳವೆಬಾವಿಯ ನೀರು ತಲುಪುವಷ್ಟು ಜಾಗದಲ್ಲಿ ನಾನೂರು ದಾಳಿಂಬೆ ಗಿಡ. ಭಾವ ಹೆಚ್ಚು ಓದಿದವರಲ್ಲ, ಆದರೆ ಅವರ ಕೈ ಬಹಳ ನೇಮದ ಕೈ. ಸುತ್ತಲಿನ ನಾಲ್ಕಾರು ತೋಟದವರು ಗಿಡಕ್ಕೆ ಔಷಧಿ ಕಲಸುವ ದಿನ ಅವರನ್ನೇ ಬಂದು ಕರೆಯುತ್ತಿದ್ದರು. ಕೂಲಿಗಲ್ಲ, ನಂಬಿಕೆಗೆ. ಅವರು ಕಲಸಿದ ಡ್ರಮ್ಮು ಎಂದರೆ ಎಲೆ ಸುಡುವುದಿಲ್ಲ ಎನ್ನುವ ಮಾತಿತ್ತು. ಅವರ ಒಬ್ಬಳೇ ಮಗಳು ಆ ವರ್ಷ ನನ್ನ ಮನೆಯಲ್ಲಿದ್ದುಕೊಂಡು ನನ್ನ ತರಗತಿಯಲ್ಲೇ ಮೊದಲ ಪಿಯುಸಿ ಓದುತ್ತಿದ್ದಳು. ಮನೆಯಲ್ಲಿ ಅವಳಿಗೆ ನಾನು ಚಿಕ್ಕಮ್ಮ, ಕಾಲೇಜಿನಲ್ಲಿ ಮೇಡಂ.

ಭಾವನಿಗೂ ನಾನು ಮೇಡಮ್ಮೇ. ನನಗೆ ಕೆಲಸ ಸಿಕ್ಕ ಹೊಸತರಲ್ಲಿ ತಮಾಷೆಗೆ "ಬನ್ನಿ ಮೇಡಮ್ನೋರೆ" ಎಂದು ಶುರುಮಾಡಿದರು, ಅದೇ ಉಳಿದುಬಿಟ್ಟಿತು. ಅದರ ಜೊತೆಗೆ ನೀನು ಎನ್ನುವುದು ಹೋಗಿ ನೀವು ಬಂತು. ವಯಸ್ಸಿನಲ್ಲಿ ಹನ್ನೆರಡು ವರ್ಷ ದೊಡ್ಡವರು. ಬೇಡ ಭಾವ, ನೀನು ಅಂತಲೇ ಕರೀರಿ ಎಂದು ಒಂದು ಸಲವಾದರೂ ಹೇಳಬಹುದಿತ್ತು. ಹೇಳಲಿಲ್ಲ, ಯಾಕೆಂದರೆ ನನಗದು ಇಷ್ಟವಾಗುತ್ತಿತ್ತು.

ದಸರಾ ರಜೆಗೆ ಅಕ್ಕನ ಮಗಳನ್ನು ಕರೆದುಕೊಂಡು ಹೋಗಿದ್ದೆ. ದಾಳಿಂಬೆ ಗಿಡಗಳನ್ನು ಸವರಿದ ಮೇಲೆ ಹೊಸ ಚಿಗುರು ಬಂದಿತ್ತು, ಅಲ್ಲಲ್ಲಿ ಕೆಂಪು ಮೊಗ್ಗೂ ಕಾಣಿಸಿಕೊಂಡಿತ್ತು. ಮೂರು ದಿನದಿಂದ ಮೋಡ ಮುಚ್ಚಿಕೊಂಡಿದ್ದರಿಂದ ಎಲೆಗೆ ಚುಕ್ಕೆ ರೋಗ ಹತ್ತುತ್ತದೆಂದು ಭಾವ ಮೈಲುತುತ್ತದ, ಎಂದರೆ ತಾಮ್ರದ ಸಲ್ಫೇಟಿನ, ಔಷಧಿಗೆ ತಯಾರಿ ನಡೆಸಿದ್ದರು. ಈ ಕಡೆಯ ತೋಟದವರಿಗೆಲ್ಲ ಗೊತ್ತಿರುವ ಔಷಧಿ ಅದು. ಒಂದು ಬಕೆಟ್ಟಿನಲ್ಲಿ ಒಂದು ಕೇಜಿ ಮೈಲುತುತ್ತ ಕರಗಿಸಬೇಕು, ಇನ್ನೊಂದರಲ್ಲಿ ಒಂದು ಕೇಜಿ ಸುಣ್ಣ ಕದಡಬೇಕು, ಎರಡನ್ನೂ ಪ್ಲಾಸ್ಟಿಕ್ ಡ್ರಮ್ಮಿಗೆ ಸುರಿದು ನೂರು ಲೀಟರ್ ಮಾಡಬೇಕು. ಬರೀ ಮೈಲುತುತ್ತವಾದರೆ ಎಲೆ ಸುಟ್ಟುಹೋಗುತ್ತದೆ. ಸುಣ್ಣ ಅದರ ಉರಿಯನ್ನು ಮುರಿಯುತ್ತದೆ. ಸುಣ್ಣ ಸಾಕಾಯಿತೋ ಇಲ್ಲವೋ ತಿಳಿಯಲು ಭಾವ ಕುಡುಗೋಲಿಗೆ ಬೂದಿ ಹಾಕಿ ಬೆಳ್ಳಗೆ ತಿಕ್ಕಿ, ಡ್ರಮ್ಮಿನಲ್ಲಿ ಅದ್ದಿ, ಸ್ವಲ್ಪ ಹೊತ್ತು ಬಿಟ್ಟು ಮೇಲೆತ್ತಿ ನೋಡುತ್ತಿದ್ದರು. ಅಲಗಿನ ಮೇಲೆ ತಾಮ್ರದ ಕೆಂಪು ಹತ್ತಿದರೆ ಇನ್ನೊಂದು ಹಿಡಿ ಸುಣ್ಣ. ಹತ್ತದಿದ್ದರೆ ಔಷಧಿ ಹೊಡೆಯುವ ಪಂಪಿಗೆ ತುಂಬುವುದು. ಕಬ್ಬಿಣ ತಾಮ್ರವನ್ನು ಸ್ಥಾನಪಲ್ಲಟ ಮಾಡುವ ಇದೇ ಕ್ರಿಯೆಯನ್ನು ನಾನು ಪ್ರತಿ ವರ್ಷ ಮೊಳೆಯಲ್ಲಿ ಮಾಡಿ ತೋರಿಸುತ್ತೇನೆ.

ಅವತ್ತು ಬೆಳಿಗ್ಗೆ ನಾನು ಕಾಫಿ ಲೋಟ ಹಿಡಿದು ಮನೆಯ ಮುಂದಿನ ಕಲ್ಲಿನ ಮೇಲೆ ಕುಳಿತಿದ್ದೆ. ಭಾವ ಪಂಪಿನ ಮೂತಿ ಬಿಚ್ಚಿ ಸೂಜಿಯಲ್ಲಿ ಕೆದಕುತ್ತಿದ್ದರು.

"ಸುಣ್ಣ ಕಟ್ಕಂತದೆ ಮೇಡಮ್ನೋರೆ. ನಾಕು ಸಾಲು ಹೊಡಿಯಾದ್ರಾಗೆ ಮೂರು ಸಲ ಬಿಚ್ಬೇಕು."

ಅಷ್ಟೇ ಅವರು ಅಂದದ್ದು. ನನ್ನನ್ನು ಯಾರೂ ಏನೂ ಕೇಳಿರಲಿಲ್ಲ.

"ಒಂದು ಕೇಜಿಗೆ ಒಂದು ಕೇಜಿ ಸುಣ್ಣ ಯಾಕೆ ಹಾಕ್ತೀರಿ ಭಾವ? ಅಷ್ಟು ಬೇಕಾಗೋದೇ ಇಲ್ಲ" ಎಂದೆ.

ಒಳಗೆ ಹೋಗಿ ಯಾರದೋ ಲಗ್ನಪತ್ರಿಕೆಯ ಲಕೋಟೆ ತಂದು ಅದರ ಹಿಂದೆ ಲೆಕ್ಕ ಹಾಕಿದೆ. ತಾಮ್ರ ಅರವತ್ತಮೂರೂವರೆ, ಗಂಧಕ ಮೂವತ್ತೆರಡು, ನಾಲ್ಕು ಆಮ್ಲಜನಕ ಸೇರಿ ಅರವತ್ತನಾಲ್ಕು. ಮೈಲುತುತ್ತದ ಹರಳಿನೊಳಗೆ ಐದು ನೀರಿನ ಅಣುಗಳು ಸೇರಿಕೊಂಡಿರುತ್ತವೆ, ಅದರದು ತೊಂಬತ್ತು. ಮಕ್ಕಳು ಎಡವುವುದು ಇಲ್ಲೇ. ಐದು ನೀರನ್ನು ಮರೆತು ನೂರ ಐವತ್ತೊಂಬತ್ತೂವರೆ ಎಂದು ಬರೆದು ಸೊನ್ನೆ ತೆಗೆದುಕೊಳ್ಳುತ್ತಾರೆ. ನಾನು ಮರೆಯಲಿಲ್ಲ. ಮರೆಯಲಿಲ್ಲ ನೋಡು ಎಂದು ಅಕ್ಕನ ಮಗಳನ್ನು ಕರೆದು ತೋರಿಸಿದೆ ಕೂಡ. ಒಟ್ಟು ಇನ್ನೂರ ನಲವತ್ತೊಂಬತ್ತೂವರೆ. ನೀರು ಹಾಕಿದ ಸುಣ್ಣದ್ದು ಎಪ್ಪತ್ತನಾಲ್ಕು. ಒಂದು ಮೋಲಿಗೆ ಒಂದು ಮೋಲ್. ಹಾಗಾದರೆ ಸಾವಿರ ಗ್ರಾಂ ಮೈಲುತುತ್ತಕ್ಕೆ ಇನ್ನೂರ ತೊಂಬತ್ತೇಳು ಗ್ರಾಂ ಸುಣ್ಣ. ಉತ್ತರದ ಕೆಳಗೆ ಎರಡು ಗೆರೆ ಎಳೆದೆ.

"ಮುನ್ನೂರು ಗ್ರಾಂ ಸಾಕು. ಮಿಕ್ಕ ಏಳುನೂರು ಗ್ರಾಮನ್ನ ನೀವು ಪಂಪಿನ ಮೂತಿಗೆ ತಿನ್ನಿಸ್ತಾ ಇದ್ದೀರಿ."

ಅಕ್ಕ ಬಾಗಿಲಲ್ಲಿ ನಿಂತು ಕೇಳಿಸಿಕೊಂಡಳು. "ನೋಡುದ್ರಾ? ಇಷ್ಟು ವರ್ಸ ಸುರಿದಿದ್ದೇ ಸುರಿದಿದ್ದು. ನನ್ ತಂಗಿ ಒಂದು ಚೂರು ಕಾಗ್ದದಾಗೆ ಹೇಳ್ಬುಟ್ಲು" ಎಂದು ಗಂಡನನ್ನು ಕೆಣಕಿದಳು.

ಭಾವ ಲಕೋಟೆಯನ್ನು ದೂರ ಹಿಡಿದು ನೋಡಿದರು. ಅಂಕಿ ಓದಲು ಅವರಿಗೆ ಬರುತ್ತದೆ. ಓದಿ, "ಕುಡುಗೋಲು ಒಪ್ತದಾ ಇಷ್ಟುಕ್ಕೆ?" ಎಂದು ಕೇಳಿದರು.

ನಾನು ನಕ್ಕೆ. "ಲೆಕ್ಕ ಇರೋವಾಗ ಕುಡುಗೋಲು ಯಾಕೆ ಭಾವ? ಅದೆಲ್ಲ ತೂಕ ಗೊತ್ತಿಲ್ಲದೋರು ಮಾಡೋದು."

ಈ ಮಾತನ್ನು ಹೀಗೇ ಅಂದೆ, ಒಂದು ಅಕ್ಷರ ಹೆಚ್ಚಿಲ್ಲ ಕಮ್ಮಿಯಿಲ್ಲ.

ಸುಣ್ಣದ ಮೂಟೆ ಕೊಟ್ಟಿಗೆಯ ಮೂಲೆಯಲ್ಲಿತ್ತು. ಯುಗಾದಿಗೆ ಹಿತ್ತಲ ಗೋಡೆಗೆ ಬಳಿದು ಉಳಿದದ್ದು, ಬಾಯಿ ಬಿಚ್ಚಿಕೊಂಡೇ ಆರು ತಿಂಗಳಿಂದ ಕುಳಿತಿತ್ತು. ಇದೇ ಸುಣ್ಣವಾ ಎಂದು ಕೇಳಿದೆ. ಹೂಂ ಎಂದರು. ಒಂದು ಚಿಟಿಕೆ ತೆಗೆದು ಬೆರಳಲ್ಲಿ ಉಜ್ಜಿ ನೋಡಿದೆ. ಹಿಟ್ಟಿನ ಹಾಗೆ ನುಣ್ಣಗಿತ್ತು, ಚರ್ಮ ಸ್ವಲ್ಪವೂ ಚುರುಗುಟ್ಟಲಿಲ್ಲ. ಒಳ್ಳೆ ಸುಣ್ಣ ಎಂದು ಪ್ರಮಾಣಪತ್ರ ಕೊಟ್ಟೆ. ಪಂಪಿಗೆ ಇನ್ನೂ ಏನೋ ರಿಪೇರಿ ಬೇಕಿತ್ತೆಂದು ಭಾವ ಅದನ್ನು ಸಿರಾಕ್ಕೆ ತೆಗೆದುಕೊಂಡು ಹೋದರು. ಮಾರನೆಯ ದಿನ ರಜೆ ಮುಗಿದು ನಾವಿಬ್ಬರೂ ಮಧುಗಿರಿಗೆ ಬಂದೆವು. ಔಷಧಿ ಹೊಡೆದದ್ದು ನಾವು ಬಂದ ಮೇಲೆ.

ಐದಾರು ದಿನದ ಮೇಲೆ ಸ್ಟಾಫ್ ರೂಮಿನಲ್ಲಿದ್ದಾಗ ಅಕ್ಕ ಫೋನಿಗೆ ಫೋಟೋ ಕಳಿಸಿದಳು. ಚಿಗುರಿನ ಅಂಚೆಲ್ಲ ಕಾಫಿ ಪುಡಿಯ ಬಣ್ಣಕ್ಕೆ ತಿರುಗಿ ಮುದುರಿಕೊಂಡಿತ್ತು. ಮೊಗ್ಗು ನೆಲದ ಮೇಲೆ ಬಿದ್ದಿತ್ತು. ಒಂದು ಗಿಡವಲ್ಲ, ಫೋಟೋದಲ್ಲಿ ಕಾಣುವಷ್ಟು ದೂರವೂ ಅದೇ. ಹಿಂದೆಯೇ ಫೋನ್ ಬಂತು.

"ಏನಾಯ್ತೇ ಇದು? ನೀ ಹೇಳ್ದಂಗೇ ಹಾಕವ್ರೆ."

ಪಕ್ಕದಲ್ಲಿ ಭೌತಶಾಸ್ತ್ರದವರು ಕುಳಿತಿದ್ದರು, ಎದುರಿಗೆ ಗಣಿತದವರು. ಇಬ್ಬರಿಗೂ ಕೇಳಿಸುತ್ತಿತ್ತು. ನಾನು ಒಂದು ಕ್ಷಣವೂ ಯೋಚಿಸಲಿಲ್ಲ.

"ತೂಕದಲ್ಲಿ ಹೆಚ್ಚುಕಮ್ಮಿ ಆಗಿರ್ಬೇಕು ಕಣೆ. ಲೆಕ್ಕ ಸರಿ ಇದೆ. ಭಾವ ಸರಿಯಾಗಿ ತೂಗಿದ್ರಾ ಕೇಳು."

ಆ ಹೊತ್ತಿಗೆ ನಾನು ಅದನ್ನು ನಂಬಿದ್ದೆ ಎಂದೇ ಹೇಳಬೇಕು. ನನ್ನ ಪರವಾಗಿ ಹೇಳಬಹುದಾದದ್ದು ಅದೊಂದೇ, ಅದೂ ಮಧ್ಯಾಹ್ನದವರೆಗೆ ಮಾತ್ರ.

ಮಧ್ಯಾಹ್ನ ಪ್ರಾಯೋಗಿಕ ತರಗತಿಯಿತ್ತು. ಲ್ಯಾಬಿನ ಅಟೆಂಡರ್ ಒಂದು ಬಾಟಲಿ ಎತ್ತಿಕೊಂಡು ಬಂದ. ಸುಣ್ಣದ ತಿಳಿನೀರಿನ ಬಾಟಲಿ, ಬಿರಡೆ ಸರಿಯಾಗಿ ಕೂರದೆ ಮೇಲೆಲ್ಲ ಬೆಳ್ಳನೆ ಹೆಪ್ಪು ಕಟ್ಟಿತ್ತು.

"ಮೇಡಂ, ಇದು ಗಾಳಿ ತಗಂಡು ಹಾಳಾಗೈತೆ. ಚೆಲ್ಲಿ ಹೊಸದು ಮಾಡ್ಲಾ?"

ನಾನು ಆ ಬಾಟಲಿಯನ್ನು ನೋಡುತ್ತಾ ನಿಂತೆ. ಸುಣ್ಣವನ್ನು ಗಾಳಿಗೆ ಬಿಟ್ಟರೆ ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ಅದು ಸುಣ್ಣವಾಗಿ ಉಳಿಯುವುದಿಲ್ಲ, ಉರಿ ಮುರಿಯುವ ಶಕ್ತಿಯಿಲ್ಲದ ಬಿಳೀ ಪುಡಿಯಾಗುತ್ತದೆ. ತಿಳಿನೀರಿಗೆ ಕೊಳವೆಯಲ್ಲಿ ಊದಿ ಬೆಳ್ಳಗೆ ಮಾಡಿ ತೋರಿಸುವುದು ಏಳನೇ ಕ್ಲಾಸಿನ ಮಕ್ಕಳ ಆಟ. ಆರು ತಿಂಗಳು ಬಾಯಿ ಬಿಚ್ಚಿಕೊಂಡಿದ್ದ ಆ ಮೂಟೆಯಲ್ಲಿ ನಿಜವಾದ ಸುಣ್ಣ ಎಷ್ಟು ಉಳಿದಿದ್ದೀತು? ಭಾವ ಮುನ್ನೂರು ಗ್ರಾಂ ತೂಗಿ ಹಾಕಿದ್ದು ಸರಿ, ಅದರಲ್ಲಿ ಸುಣ್ಣವಿದ್ದದ್ದು ನೂರು ಗ್ರಾಮೂ ಇಲ್ಲ. ಮಿಕ್ಕ ಮೈಲುತುತ್ತ ಉರಿ ಮುರಿಯದೆ ಹಾಗೇ ಎಲೆಯ ಮೇಲೆ ಬಿತ್ತು. ಮೊದಲಿನ ಒಂದು ಕೇಜಿ ಲೆಕ್ಕ ದಡ್ಡತನವಾಗಿರಲಿಲ್ಲ. ಹಳ್ಳಿಯ ಸುಣ್ಣ ಎಂದೂ ಶುದ್ಧವಾಗಿರುವುದಿಲ್ಲ ಎಂದು ತಿಳಿದವರು ಇಟ್ಟ ಲೆಕ್ಕ ಅದು. ಅದಕ್ಕೂ ಸಾಲದೆ ಬಂದರೆ ಕುಡುಗೋಲು ಹೇಳುತ್ತಿತ್ತು. ಎರಡನ್ನೂ ಒಂದು ಲಕೋಟೆಯ ಹಿಂದೆ ಬರೆದು ನಾನು ಕಿತ್ತುಹಾಕಿದ್ದೆ.

ಚೆಲ್ಲು ಎಂದು ಅಟೆಂಡರಿಗೆ ಹೇಳಿದೆ. ಫೋನ್ ನನ್ನ ಬ್ಯಾಗಿನಲ್ಲೇ ಇತ್ತು. ತರಗತಿ ಮುಗಿಯಲಿ ಎಂದುಕೊಂಡೆ. ಮುಗಿದ ಮೇಲೆ, ಮನೆಗೆ ಹೋಗಿ ಸಮಾಧಾನವಾಗಿ ಮಾಡೋಣ ಎಂದುಕೊಂಡೆ. ಮನೆಯಲ್ಲಿ ಅಕ್ಕನ ಮಗಳು ಎದುರಿಗೇ ಇದ್ದಳು, ಅವಳ ಮುಂದೆ ಹೇಗೆ ಮಾಡುವುದು ಎಂದುಕೊಂಡೆ. ಆ ದಿನವೇ ಫೋನ್ ಮಾಡಿದ್ದರೆ ಅದು ಒಂದು ತಪ್ಪು ಲೆಕ್ಕ, ಅಷ್ಟೇ. ಮಾರನೆಯ ದಿನಕ್ಕೆ ಅದು ಸುಳ್ಳಾಯಿತು. ವಾರ ಕಳೆದ ಮೇಲೆ ಅದಕ್ಕೆ ಏನೆನ್ನಬೇಕೋ ನನಗೆ ಗೊತ್ತಿಲ್ಲ.

ಆ ಸಲದ ದಾಳಿಂಬೆ ಫಸಲು ಅಲ್ಲಿಗೆ ಮುಗಿಯಿತು. ಗಿಡ ಸಾಯಲಿಲ್ಲ, ಮನೆಯೂ ಮುಳುಗಲಿಲ್ಲ; ಕಡ್ಲೆಕಾಯಿ ಇತ್ತು, ಎರಡು ಹಸು ಇದ್ದವು. ಹೋದದ್ದು ಭಾವನ ಹೆಸರು. ಅಕ್ಕ ನನ್ನ ಮಾತನ್ನು ಊರಿಗೆಲ್ಲ ಹೇಳಿದ್ದಳು. ತಂಗಿ ಗ್ರಾಮಿನ ತನಕ ಬರೆದುಕೊಟ್ಟಿದ್ದರೂ ಗಂಡನಿಗೆ ತೂಗಲು ಬರಲಿಲ್ಲ ಎಂದು. ಅವಳದೇನು ತಪ್ಪು, ನಾನು ಹೇಳಿದ್ದನ್ನೇ ಹೇಳಿದಳು. ಔಷಧಿ ಕಲಸಲು ಭಾವನನ್ನು ಕರೆಯುತ್ತಿದ್ದ ತೋಟದವರು ಒಬ್ಬೊಬ್ಬರಾಗಿ ಕರೆಯುವುದನ್ನು ಬಿಟ್ಟರು. ಇದನ್ನು ನನಗೆ ಹೇಳಿದ್ದು ಅವರ ಮಗಳು, ಒಂದು ಸಂಜೆ ಚಪಾತಿ ಲಟ್ಟಿಸುತ್ತಾ. ಹೇಳಿ ಮುಖ ಎತ್ತಲಿಲ್ಲ. ನಾನೂ ಹೆಂಚಿನ ಮೇಲಿದ್ದ ಚಪಾತಿಯನ್ನು ಅಗತ್ಯಕ್ಕಿಂತ ಹೆಚ್ಚು ಸಲ ಮಗುಚಿದೆ.

ಸಂಕ್ರಾಂತಿ ಕಳೆದ ಮೇಲೆ ಹೊಳವನಹಳ್ಳಿಯಲ್ಲಿರುವ ನಮ್ಮ ಸೋದರಮಾವನ ಮನೆಯಲ್ಲಿ ಮೊಮ್ಮಗುವಿನ ನಾಮಕರಣವಿತ್ತು. ಮಾವನಿಗೆ ಅಲ್ಲಿ ಬಸ್ ನಿಲ್ದಾಣದ ಹತ್ತಿರ ದಿನಸಿ ಅಂಗಡಿ. ಬಾಯಿ ತುಂಬಾ ತಮಾಷೆಯ ಮನುಷ್ಯ. ಎಲ್ಲರೂ ಊಟಕ್ಕೆ ಕುಳಿತಾಗ ಭಾವನ ಎಲೆಯ ಮುಂದೆ ಬಂದು ನಿಂತರು.

"ನಮ್ ಅಂಗಡಿ ತಕ್ಕಡಿ ಕಳ್ಸಿಕೊಡ್ಲೇನಪ್ಪಾ? ಮುನ್ನೂರು ಗ್ರಾಂ ತೂಗಾಕೆ ಬರಾಕಿಲ್ವಂತೆ ನಿಂಗೆ."

ಪಂಕ್ತಿಯೆಲ್ಲ ನಕ್ಕಿತು. ಬಡಿಸುತ್ತಿದ್ದವನೊಬ್ಬ ಪಾಯಸದ ಸೌಟು ಎತ್ತಿ ಹಿಡಿದು, ಇದು ಎಷ್ಟು ಗ್ರಾಂ ಇರಬಹುದು ಹೇಳಿ ನೋಡೋಣ ಎಂದ. ಇನ್ನೊಂದು ಸಲ ನಕ್ಕರು. ಭಾವನೂ ನಕ್ಕರು, ಎಲೆಗೆ ಕೈ ಅಡ್ಡ ಹಿಡಿದು ಸಾಕು ಸಾಕು ಎಂದರು. ನಾನು ಎದುರು ಸಾಲಿನಲ್ಲಿದ್ದೆ. ಬಾಯಿ ತೆರೆಯಲು ಅದಕ್ಕಿಂತ ಒಳ್ಳೆಯ ಸಮಯ ಬೇರೆ ಯಾವುದಿತ್ತು? ಅಷ್ಟೂ ಜನ ಅಲ್ಲೇ ಇದ್ದರು. ನಾನೂ ನಕ್ಕೆ. ಎಲ್ಲರೂ ನಗುವಾಗ ನಗದಿದ್ದರೆ ಗೊತ್ತಾಗಿಬಿಡುತ್ತದೆ ಎಂದು ನಕ್ಕೆ. ತಲೆಯೆತ್ತಿದರೆ ಭಾವ ನನ್ನ ಕಡೆ ನೋಡುತ್ತಿದ್ದರು, ಕೋಪದಿಂದಲ್ಲ, ಸುಮ್ಮನೆ.

ಫೆಬ್ರವರಿ ಬಂತು. ಮೊದಲನೇ ಪಾಠದ ಪುನರಾವರ್ತನೆ ಶುರುವಾಯಿತು. ಮೋಲ್ ಆಯಿತು, ಅಣುತೂಕ ಆಯಿತು. ಶುದ್ಧತೆಯ ಲೆಕ್ಕದ ಹತ್ತಿರ ಬಂದು ಎಂದಿನ ಹಾಗೆ "ಇದು ಪರೀಕ್ಷೆಗೆ ಬರಲ್ಲ, ಬಿಡಿ" ಎಂದೆ. ಮೂರನೇ ಬೆಂಚಿನಲ್ಲಿ ಅಕ್ಕನ ಮಗಳು ಎದ್ದು ನಿಂತಳು. ತರಗತಿಯಲ್ಲಿ ಅವಳು ಎದ್ದು ನಿಂತವಳೇ ಅಲ್ಲ.

"ಮೇಡಂ, ಪರೀಕ್ಷೆಗೆ ಬರದಿದ್ರೂ ಪರವಾಗಿಲ್ಲ. ಒಂದು ಲೆಕ್ಕ ಮಾಡಿಸ್ತೀರಾ?"

"ಟೈಮಿಲ್ಲ, ಕೂತ್ಕೋ" ಎಂದೆ. ಕುಳಿತಳು.

ಅವತ್ತೇ ಸಹಿ ಹಾಕಲು ನೋಟ್ ಬುಕ್ಕುಗಳನ್ನು ಮನೆಗೆ ತಂದಿದ್ದೆ. ಅವಳ ಪುಸ್ತಕ ನಡುವಿನಲ್ಲೆಲ್ಲೋ ಬಂತು. ಲೆಕ್ಕಗಳೆಲ್ಲ ಅಚ್ಚುಕಟ್ಟು. ಸಹಿ ಹಾಕಿ ಮುಚ್ಚುವಾಗ ಹಿಂದಿನ ಹಾಳೆ ಕಣ್ಣಿಗೆ ಬಿತ್ತು. ಪೆನ್ಸಿಲಿನಲ್ಲಿ ಸಣ್ಣಗೆ ಬರೆದಿದ್ದಳು. ಮೈಲುತುತ್ತ ಸಾವಿರ ಗ್ರಾಂ. ಸುಣ್ಣ ಇನ್ನೂರ ತೊಂಬತ್ತೇಳು ಗ್ರಾಂ. ಅದರ ಕೆಳಗೆ, ಸುಣ್ಣದ ಶುದ್ಧತೆ ನೂರಕ್ಕೆ ಎಂಬತ್ತಾದರೆ ಎಷ್ಟು, ಐವತ್ತಾದರೆ ಎಷ್ಟು, ಮೂವತ್ತಾದರೆ ಎಷ್ಟು. ಮೂವತ್ತಕ್ಕೆ ಉತ್ತರ ಒಂಬೈನೂರ ತೊಂಬತ್ತು ಗ್ರಾಂ ಬಂದಿತ್ತು. ಅದರ ಪಕ್ಕದಲ್ಲಿ ಒಂದು ಬಾಣ ಎಳೆದು, "ಅಪ್ಪನ ಒಂದು ಕೇಜಿ" ಎಂದು ಬರೆದಿದ್ದಳು.

ಹದಿನಾರು ವರ್ಷದ ಹುಡುಗಿ, ನಾನು ಹೇಳಿಕೊಡದೆ ಬಿಟ್ಟ ಲೆಕ್ಕವನ್ನು ತಾನೇ ಕಲಿತು, ಅದರಲ್ಲಿ ತನ್ನ ಅಪ್ಪನ ಮಾನವನ್ನು ಹುಡುಕಿಕೊಂಡಿದ್ದಳು. ಅವಳು ಪಕ್ಕದ ಕೋಣೆಯಲ್ಲೇ ಓದುತ್ತಿದ್ದಳು. ಪುಸ್ತಕ ಹಿಡಿದು ಹೋಗಿ ಆ ಹಾಳೆ ತೋರಿಸಿದೆ.

"ಇದನ್ನ ಯಾವಾಗ ಮಾಡಿದ್ದು?"

"ಸಂಕ್ರಾಂತಿಗಿಂತ ಮುಂಚೆ ಚಿಕ್ಕಮ್ಮ."

ಎಂದರೆ ನಾಮಕರಣದ ದಿನ ನಾನು ನಕ್ಕಾಗ ಅವಳಿಗೆ ಗೊತ್ತಿತ್ತು. "ಅಪ್ಪನಿಗೆ ತೋರಿಸಿದೀಯಾ?" ಎಂದು ಕೇಳಿದೆ.

"ಇಲ್ಲ." ಪೆನ್ಸಿಲು ಕೆಳಗಿಟ್ಟಳು. "ನೀವೇ ಹೇಳ್ತೀರಿ ಅಂದ್ಕೊಂಡಿದ್ದೆ."

ಅವಳು ಅದನ್ನು ಚುಚ್ಚುಮಾತಾಗಿ ಹೇಳಲಿಲ್ಲ. ಚುಚ್ಚಲು ಅವಳಿಗೆ ಬರುವುದೂ ಇಲ್ಲ. ನಾನು ಪುಸ್ತಕವನ್ನು ಅವಳ ಮುಂದಿಟ್ಟು ಹೊರಗೆ ಬಂದೆ.

ಭಾನುವಾರ ಬೆಳಿಗ್ಗೆ ಒಬ್ಬಳೇ ಹೊರಟೆ. ಮಧುಗಿರಿಯಿಂದ ಸಿರಾ, ಸಿರಾದಿಂದ ಬರಗೂರು ಬಸ್ಸು. ದಾರಿಯುದ್ದಕ್ಕೂ ಹೇಳಬೇಕಾದ ಮಾತುಗಳನ್ನು ಜೋಡಿಸಿಕೊಂಡೆ. ಎಷ್ಟು ಜೋಡಿಸಿದರೂ ಅದು ನನ್ನ ತಪ್ಪಿನ ಬದಲು ಸುಣ್ಣದ ತಪ್ಪಾಗುತ್ತಿತ್ತು. ಗಾಳಿ, ತೇವ, ಮೂಟೆಯ ಬಾಯಿ ಎಲ್ಲ ಬರುತ್ತಿತ್ತು, ನಾನು ಮಾತ್ರ ಬರುತ್ತಿರಲಿಲ್ಲ. ಸಿರಾ ಬಸ್ ನಿಲ್ದಾಣದಲ್ಲಿ ಬುಟ್ಟಿ ಹಿಡಿದವನೊಬ್ಬ ಕಿಟಕಿಯ ಹತ್ತಿರ ಬಂದು "ಅನಾರ್ ಲೇಲೋ ಮೇಡಂ, ಮೀಠಾ ಅನಾರ್" ಎಂದ. ಕೆಂಪಗೆ ಹೊಳೆಯುವ ದಾಳಿಂಬೆ. ನಾನು ಇನ್ನೊಂದು ಬದಿಯ ಕಿಟಕಿಯತ್ತ ಮುಖ ತಿರುಗಿಸಿದೆ.

ನಾನು ಹೋದಾಗ ಅಕ್ಕ ಅಂಗಳದಲ್ಲಿ ಅವರೆಕಾಳು ಸುಲಿಯುತ್ತಿದ್ದಳು. ಭಾವ ಡ್ರಮ್ಮಿನ ಹತ್ತಿರ ಕುಳಿತು ಕುಡುಗೋಲಿಗೆ ಬೂದಿ ಹಾಕಿ ತಿಕ್ಕುತ್ತಿದ್ದರು. ಗಿಡಗಳು ಮತ್ತೆ ಚಿಗುರಿದ್ದವು, ಅವುಗಳಿಗೆ ಔಷಧಿಯ ದಿನ ಅವತ್ತು. ಪಕ್ಕದಲ್ಲಿ ಹೊಸ ಸುಣ್ಣದ ಚೀಲವಿತ್ತು, ಬಾಯಿಗೆ ದಾರ ಕಟ್ಟಿತ್ತು. ಆ ದಾರ ನೋಡಿದ ಮೇಲೆ ಬಸ್ಸಿನಲ್ಲಿ ಜೋಡಿಸಿಕೊಂಡದ್ದೆಲ್ಲ ಮರೆತುಹೋಯಿತು.

ನಿಂತುಕೊಂಡೇ ಹೇಳಿದೆ. "ಭಾವ, ಆವತ್ತು ಎಲೆ ಸುಟ್ಟಿದ್ದು ನನ್ನಿಂದ. ನೀವು ಸರಿಯಾಗೇ ತೂಗಿದ್ರಿ. ಸುಣ್ಣ ಸತ್ತಿತ್ತು. ಅದು ನಂಗೆ ಆವತ್ತು ಮಧ್ಯಾಹ್ನವೇ ಗೊತ್ತಾಯ್ತು. ಹೇಳಲಿಲ್ಲ."

ಅಕ್ಕನ ಕೈ ನಿಂತಿತು. ಭಾವ ಕುಡುಗೋಲು ತಿಕ್ಕುವುದನ್ನು ನಿಲ್ಲಿಸಲಿಲ್ಲ.

"ಗೊತ್ತು ಕಣಮ್ಮ" ಎಂದರು.

"ಹೆಂಗೆ ಗೊತ್ತು?"

"ಕುಡುಗೋಲು ಅದ್ದಿದ್ದೆ. ನೀವು ಬ್ಯಾಡ ಅಂದಿದ್ರಿ, ಆದ್ರೂ ಕೈ ಕೇಳ್ಳಿಲ್ಲ, ಅದ್ದುಬುಟ್ಟೆ. ಕೆಂಪಗೆ ಹತ್ತಿತ್ತು."

"ಮತ್ತೆ ಯಾಕೆ ಹೊಡೆದ್ರಿ?"

ಅವರು ಕುಡುಗೋಲನ್ನು ನೀರಿನಲ್ಲಿ ತೊಳೆದು ಬಿಸಿಲಿಗೆ ಹಿಡಿದು ನೋಡಿದರು. "ಅಲಗು ಕೊಳೆ ಇರ್ಬೇಕು ಅನ್ಕಂಡು ಇನ್ನೊಂದು ಸಲ ತಿಕ್ಕಿ ತೊಳ್ದು ಅದ್ದಿದೆ. ಅದೂ ಕೆಂಪಗಾಯ್ತು. ಪಕ್ಕದ ತೋಟದಿಂದ ಬ್ಯಾರೆ ಕುಡುಗೋಲು ಇಸ್ಕಂಬಂದು ಅದ್ದಿದೆ. ಅದೂ ಅಂಗೇ. ಆಮ್ಯಾಲೆ ನೀವು ಬರ್ಕೊಟ್ಟ ಕಾಗ್ದ ತಗ್ದು ನೋಡ್ದೆ. ಎರಡು ಗೆರೆ ಎಳ್ದು ಬರ್ದಿದ್ರಿ. ನನ್ನ ಕುಡುಗೋಲಿಗೇನು ಗೊತ್ತಾಯ್ತದೆ ಅನ್ಕಂಡೆ."

ಮೂರು ಸಲ ಆ ಕಬ್ಬಿಣ ನಿಜ ಹೇಳಿತ್ತು. ಮೂರು ಸಲವೂ ಅವರು ನನ್ನ ಲೆಕ್ಕ ನಂಬಿಕೊಂಡು ಅದನ್ನು ಸುಳ್ಳೆಂದುಕೊಂಡಿದ್ದರು. ಆಮೇಲೆ ನಾನು ಅವರ ತೂಕ ತಪ್ಪು ಎಂದೆ.

ಕೊನೆಗೆ ಕೇಳಿದೆ. "ಎಲ್ಲಾರೂ ಆಡ್ಕೋವಾಗ ನೀವಾದ್ರೂ ಹೇಳಬಾರದಿತ್ತಾ?"

"ಮಗ ನಿಮ್ ಕೈಕೆಳಗೆ ಓದ್ತಾ ಐತೆ" ಎಂದರು. ಮಗಳನ್ನು ಅವರು ಮಗ ಎಂದೇ ಕರೆಯುವುದು. "ಪಾಠ ಹೇಳೋರ ಮ್ಯಾಗೆ ಅನುಮಾನ ಹುಟ್ಟುದ್ರೆ ಅದಕ್ಕೆ ಓದು ಹತ್ತಾಕಿಲ್ಲ. ನಂದೇನು, ನಾಕು ದಿನ ನಗ್ತಾರೆ, ಬುಡ್ತಾರೆ."

ಆ ಮಗಳ ನೋಟ್ ಬುಕ್ಕಿನ ಹಿಂದಿನ ಹಾಳೆಯ ವಿಷಯ ಹೇಳಲು ನನಗೆ ಧೈರ್ಯ ಸಾಲಲಿಲ್ಲ.

ಅಕ್ಕ ಮೊರ ಪಕ್ಕಕ್ಕಿಟ್ಟು ಎದ್ದಳು. ಅಳುತ್ತಾಳೆ ಎಂದುಕೊಂಡೆ, ಅಳಲಿಲ್ಲ. ಬೈಯುತ್ತಾಳೆ ಎಂದುಕೊಂಡೆ, ಬೈಯಲೂ ಇಲ್ಲ. ಸೊಂಟದಿಂದ ಫೋನ್ ತೆಗೆದು ಹೊಳವನಹಳ್ಳಿಯ ಮಾವನಿಗೆ ಹಚ್ಚಿದಳು, ಎಲ್ಲರಿಗೂ ಕೇಳಿಸುವ ಹಾಗೆ ಸ್ಪೀಕರ್ ಒತ್ತಿದಳು, ನನ್ನ ಕೈಗೆ ಕೊಟ್ಟಳು.

"ಎಲ್ಲಾರ ಮುಂದೆ ತಕ್ಕಡಿ ತಕ್ಕಡಿ ಅಂತ ನಕ್ರಲ್ಲ. ಹೇಳು ಈಗ."

ಆ ಕಡೆ ಅಂಗಡಿಯ ಗಲಾಟೆ. ಮಾವ ಹಲೋ ಎಂದರು. ನಾನು ಹೇಳಿದೆ. ತಡವರಿಸಲಿಲ್ಲ.

"ಮಾವ, ದಾಳಿಂಬೆ ಗಿಡ ಸುಟ್ಟಿದ್ದು ಭಾವನಿಂದ ಅಲ್ಲ. ಅವರು ಸರಿಯಾಗಿ ತೂಗಿದ್ರು. ಲೆಕ್ಕ ತಪ್ಪಿದ್ದು ನಾನು. ಗೊತ್ತಿದ್ದೂ ಸುಮ್ನಿದ್ದೆ. ಅಲ್ಲಿ ಎಲ್ಲಾರ್ಗೂ ಹೇಳಿ."

ಮಾವ ಗಟ್ಟಿಯಾಗಿ ನಕ್ಕರು.

"ಆಯ್ತು ಬುಡಮ್ಮ. ಅವನ ಮಾನ ಉಳ್ಸಾಕೆ ನೀನು ತಲೆ ಮ್ಯಾಲೆ ಹಾಕ್ಕಂತಾ ಇದ್ದೀಯ. ದೊಡ್ಡ ಮನಸು ಕಣಮ್ಮ ನಿಂದು."

"ಇಲ್ಲ ಮಾವ, ನಿಜ. ಸುಣ್ಣ ಗಾಳಿ ತಗೊಂಡಿತ್ತು, ನಾನು ಅದನ್ನ ನೋಡಿಯೂ..."

"ಇಪ್ಪತ್ತು ವರ್ಸದಿಂದ ಕಾಲೇಜಾಗೆ ಅದ್ನೇ ಹೇಳ್ಕೊಡ್ತಾ ಇದ್ದೀಯ. ನಿಂಗೆ ಲೆಕ್ಕ ತಪ್ತದಾ? ಯಾರ್ಗೆ ಹೇಳ್ತೀಯ ಇದನ್ನ?" ಯಾರೋ ಅಂಗಡಿಗೆ ಬಂದಿರಬೇಕು, ಬೇಳೆ ಎಷ್ಟು ಎಂದು ಕೇಳುವುದು ಕೇಳಿಸಿತು, ಫೋನ್ ಕಟ್ಟಾಯಿತು.

ಅಕ್ಕ ಫೋನನ್ನೇ ನೋಡುತ್ತಾ ನಿಂತಳು. ಇನ್ನೊಂದು ಸಲ ಹಚ್ಚು ಎಂದೆ. ಹಚ್ಚಿದಳು, ಅವರು ಎತ್ತಲಿಲ್ಲ.

ಭಾವ ಎದ್ದು ಕುಡುಗೋಲನ್ನು ಡ್ರಮ್ಮಿನಲ್ಲಿ ಅದ್ದಿದರು. ಅದನ್ನು ಹಿಡಿದುಕೊಂಡು ನಿಂತವರು ನನ್ನ ಕಡೆ ತಿರುಗಿದರು. ಅವರ ಮುಖದಲ್ಲಿ ಕೋಪವಿರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು.

"ನಾನೂ ಇಂಗೇ ನಂಬಿದ್ದು ಕಣಮ್ಮ" ಎಂದರು.